ಕೊನೆಯ ಜೋಡಿ ಕ್ರೀಸಿನಲ್ಲಿದ್ದಾಗ

ಮೊನ್ನೆ ಅಗಸಿ ಹುರಿಯುತ್ತಿದ್ದೆ. ಮನೆಯಲ್ಲಿ ಹಿಂಡಿಯ, ಅಂದರೆ ಅಗಸಿ ಚಟ್ನಿಪುಡಿಯ, ಡಬ್ಬಿ ತಳ ಕಂಡಿತ್ತು. ಬಾಣಲೆಯಲ್ಲಿ ಕಾಳು ಚಟಪಟ ಎನ್ನುತ್ತ ಆ ಎಣ್ಣೆಯ ಘಾಟು ಮೂಗಿಗೆ ಬಡಿದದ್ದೇ ತಡ, ಒಲೆ ಸಣ್ಣ ಮಾಡಿ ಸುಮ್ಮನೆ ನಿಂತುಬಿಟ್ಟೆ. ಹಿಂಡಿಗೂ ಕ್ರಿಕೆಟ್ಟಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಬೆಳಗಾವಿಯ ಹಿಂದವಾಡಿಯ ನಮ್ಮ ಪಕ್ಕದ ಮನೆಯ ಕಾಕಾ, ಆಡುವುದು ಬಿಟ್ಟು ಎಷ್ಟೋ ವರ್ಷವಾದ ಮೇಲೂ, ತಮ್ಮ ಹಳೆಯ ಬ್ಯಾಟನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಗಸಿ ಎಣ್ಣೆ ತಿಕ್ಕುತ್ತಿದ್ದರು, ಎಳೆಕೂಸಿಗೆ ತಿಕ್ಕಿದ ಹಾಗೆ. ಆ ವಾಸನೆ ನಮ್ಮ ಅಂಗಳಕ್ಕೂ ಬರುತ್ತಿತ್ತು...

ಕಾಕಾ ಖಾನಾಪುರದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಭಾನುವಾರ ಬಂತೆಂದರೆ ಬಿಳಿ ಕೋಟು ತೊಟ್ಟು ಊರಿನ ಪಂದ್ಯಗಳಿಗೆ ಅಂಪೈರಿಂಗ್ ಮಾಡಲು ಹೋಗುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಐದು ದಿನ ನಡೆದೂ ಯಾರೂ ಗೆಲ್ಲದ ಆಟವನ್ನು ನೋಡುವವರಿಗೆ ಬೇರೆ ಕೆಲಸವಿಲ್ಲ ಎಂದು ನಂಬಿದ್ದರು. ಹೀಗಾಗಿ ಮಾತಿಗೆ ಕಾಕಾನಿಗೆ ಸಿಕ್ಕವಳು ನಾನು. ಇಪ್ಪತ್ತು ಓವರಿನ ಆಟಕ್ಕೆ ಅವರು ಇಟ್ಟ ಹೆಸರು ಫಳಾರ. ಊಟ ಅಂದರೆ ಟೆಸ್ಟ್ ಮ್ಯಾಚು. ಚೆಂಡಿನ ಹಿಂದೆ ಕಣ್ಣು ಓಡಿಸಬೇಡ, ಬ್ಯಾಟ್ ಮಾಡುವವನ ಕಾಲು ನೋಡು, ಯಾವ ಫೀಲ್ಡರನ್ನು ಎಲ್ಲಿಂದ ಎಲ್ಲಿಗೆ ಕಳಿಸಿದರು ನೋಡು ಎಂದು ಕಲಿಸಿದವರು ಅವರೇ. ಖಾನಾಪುರದ ಬ್ಯಾಂಕಿನಲ್ಲಿ ನನಗೆ ಕೆಲಸ ಸಿಕ್ಕಾಗ ನನ್ನ ಅಪ್ಪನಿಗಿಂತ ಹೆಚ್ಚು ಬೀಗಿದವರೂ ಅವರೇ, ತಾವು ದುಡಿದ ಊರನ್ನು ನನಗೆ ಬಿಟ್ಟುಕೊಟ್ಟವರ ಹಾಗೆ.

ಆ ಚಳಿಗಾಲದಲ್ಲಿ ನಮ್ಮವರು ಆಸ್ಟ್ರೇಲಿಯಾದಲ್ಲಿ ಆಡುತ್ತಿದ್ದರು. ನಾಲ್ಕನೆಯ ದಿನದ ಆಟ ಮುಗಿದಾಗ ಗೆಲ್ಲುವ ಮಾತೇ ಇರಲಿಲ್ಲ. ಕೊನೆಯ ದಿನ ಪೂರ್ತಿ ಆಡಿ ಪಂದ್ಯ ಉಳಿಸಿಕೊಳ್ಳಬೇಕಿತ್ತು. ಮಧ್ಯಾಹ್ನ ಬಿಸಿಲಲ್ಲಿ ನಿಂತು ಕಾಕಾ ಲೆಕ್ಕ ಒಪ್ಪಿಸಿದರು. ಪಿಚ್ಚಿನಲ್ಲಿ ಬಿರುಕು ಬಿಟ್ಟಿದೆ, ಆದರೆ ಚೆಂಡು ಹಳೆಯದು, ಮೊದಲ ತಾಸು ದಾಟಿದರೆ ಉಳಿದ ಹಾಗೆಯೇ. ಅದೇ ಸಂಜೆ ಅವರಿಗೆ ಎದೆನೋವು ಬಂತು.

ಆಸ್ಪತ್ರೆಯಲ್ಲಿ ಐಸಿಯು ಬಾಗಿಲ ಬಳಿ ಸ್ಟ್ರೆಚರ್ ನಿಂತಾಗ ಅವರು ನನ್ನ ಕೈ ಹಿಡಿದರು. ಮನೆಯ ವಿಷಯ ಹೇಳುತ್ತಾರೆ ಎಂದುಕೊಂಡು ಬಗ್ಗಿದೆ.

“ನಾಳಿ ಆಟ ಒಂದ ಬಾಲ್ ಬಿಡದಂಗ ನೋಡು, ತಂಗಿ. ಏನಾತು ಅಂತ ಮೊದಲ ಹೇಳಬ್ಯಾಡ. ಶುರುವಿನಿಂದ ಹೇಳು.”

ಮರುದಿನ ರಜೆ ಹಾಕಿದೆ. ಬೆಳಗಿನ ಜಾವದಿಂದ ಐಸಿಯು ಹೊರಗಿನ ಬೆಂಚಿನಲ್ಲಿ, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಇಡೀ ದಿನದ ಆಟ ನೋಡಿದೆ. ಪಕ್ಕದಲ್ಲಿ ಕಾಕು ಜಪಮಾಲೆ ಎಣಿಸುತ್ತಿದ್ದರು. ನಮ್ಮವರು ಕಚ್ಚಿಕೊಂಡು ಆಡಿದರು. ಬ್ಯಾಟ್ ಹಿಡಿಯಲು ಬಾರದ ಕೊನೆಯ ಬೌಲರು ಕೂಡ ಮೈಮೇಲೆ ಪೆಟ್ಟು ತಿಂದು ನಿಂತ. ಆದರೂ ಇನ್ನೇನು ಕೆಲವೇ ಓವರು ಇದ್ದಾಗ ಸೋತರು. ನಾನು ಫೋನನ್ನು ಪರ್ಸಿಗೆ ತುರುಕಿ ಅತ್ತೆ. ಸೋಲಿಗಲ್ಲ, ಇದನ್ನು ಕಾಕಾನಿಗೆ ಹೇಗೆ ಹೇಳುವುದೆಂದು ಅತ್ತೆ.

ಅವರನ್ನು ವಾರ್ಡಿಗೆ ತಂದ ಮೇಲೆ ಸಂಜೆ ಸ್ವಲ್ಪ ಹೊತ್ತು ಮಾತಾಡಿಸಬಹುದು ಎಂದರು ಡಾಕ್ಟರು. ದಿನದ ಮೂರು ಅವಧಿಗಳಲ್ಲಿ ಒಂದು ಸಂಜೆಗೆ ಒಂದು ಅವಧಿಯ ಆಟ ಎಂದು ನಾವಿಬ್ಬರೂ ಗೊತ್ತು ಮಾಡಿಕೊಂಡೆವು. ಬ್ಯಾಂಕು ಮುಗಿಸಿ ಬೆಳಗಾವಿಯ ಬಸ್ಸು ಹತ್ತಿದರೆ, ದಾರಿಯ ಪೀರನವಾಡಿ ದಾಟುವಷ್ಟರಲ್ಲಿ ಅಂದು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿರುತ್ತಿದ್ದೆ. ಮೊದಲ ಸಂಜೆ, ಊಟದವರೆಗಿನ ಆಟ. ಬೌಲರು ಒಂದೇ ಸಮನೆ ಆಫ್ ಸ್ಟಂಪಿನ ಹೊರಗೆ ಹಾಕುತ್ತಿದ್ದ, ನಮ್ಮವನು ಬಿಡುತ್ತಲೇ ಇದ್ದ ಎಂದೆ. ಕವರಿನಲ್ಲಿ ಯಾರಿದ್ದರು ಎಂದು ಕಾಕಾ ಕೇಳಿದರು. ಅವನನ್ನು ತೆಗೆದು ಸ್ಲಿಪ್ಪಿಗೆ ಹಾಕಿದರು ಎಂದೆ. ಕಾಕಾ ಕಣ್ಣು ಮುಚ್ಚಿಕೊಂಡರು.

“ಹಾಂಗಾದ್ರ ಡ್ರೈವ್ ಮಾಡಾಕ ಹೋದ. ಸ್ಲಿಪ್ಪಿಗೆ ಕೊಟ್ಟ.”

ಹೌದು, ಹಾಗೆಯೇ ಔಟಾಗಿದ್ದ. ಖಾಲಿ ಜಾಗ ತೋರಿಸಿ ಆಸೆ ಹುಟ್ಟಿಸಿದ್ದರು. ಎರಡನೆಯ ಸಂಜೆಯೂ ಹೀಗೇ. ಸ್ಪಿನ್ನರು ಬಿರುಕನ್ನು ಹುಡುಕಿ ಹುಡುಕಿ ಹಾಕಿದ್ದು, ನಮ್ಮವರು ಕೈ ಸಡಿಲ ಬಿಟ್ಟು ಚೆಂಡನ್ನು ಕಾಲ ಬುಡದಲ್ಲೇ ಸಾಯಿಸಿದ್ದು, ಎಲ್ಲವನ್ನೂ ಕೇಳುವಾಗ ಕಾಕಾನ ಬಲಗೈ ಬ್ಯಾಟು ಹಿಡಿದ ಹಾಗೆ ಹೊದಿಕೆಯ ಮೇಲೆ ಸಣ್ಣಗೆ ಆಡುತ್ತಿತ್ತು. ಅಷ್ಟು ಖುಷಿಯಾಗಿ ಯಾರೂ ನನ್ನ ಮಾತು ಕೇಳಿಲ್ಲ, ಅಂದೂ ಇಲ್ಲ, ಇಂದೂ ಇಲ್ಲ.

ಮೂರನೆಯ ಸಂಜೆ ವಾರ್ಡಿನ ಹೊರಗೆ ಕಾಕು ನನ್ನನ್ನು ತಡೆದರು. ಅವರಿಗೂ ಫಲಿತಾಂಶ ಗೊತ್ತಿತ್ತು. ಡಾಕ್ಟರು ಬೆಳಿಗ್ಗೆ ಹೇಳಿದ್ದೂ ಗೊತ್ತಿತ್ತು, ಹೃದಯ ಬಹಳ ದಣಿದಿದೆ ಎಂದು.

“ಉಳಿಸ್ಕೊಂಡ್ರು ಅಂತ ಹೇಳಿಬಿಡವಾ. ಅವರಿಗೆ ಸಮಾಧಾನ ಆಗ್ತೈತಿ.”

ಹೂಂ ಎಂದು ಒಳಗೆ ಹೋದೆ. ಹೊಸ ಚೆಂಡು ತೆಗೆದುಕೊಂಡದ್ದು, ವಿಕೆಟ್ಟುಗಳು ಬಿದ್ದದ್ದು, ಕೊನೆಯ ಜೋಡಿ ನಿಂತದ್ದು, ಎಲ್ಲ ಹೇಳಿದೆ. ಒಂದೊಂದು ಓವರನ್ನೂ ಎಳೆದು ಎಳೆದು ಹೇಳಿದೆ. ಕೊನೆಗೆ, ನಾವು ಸೋತ ಆ ಓವರಿಗೆ ಬಂದೆ. ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು, ಆದರೆ ಅದನ್ನು ಹೇಳಲು ಬಾಯಿ ಬರಲಿಲ್ಲ. ನಿಜ ಹೇಳಲೂ ಬರಲಿಲ್ಲ.

ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

“ಸಾಕು,” ಎಂದರು. “ಬೆಳಕ ಕಡಿಮಿ ಆಗೇತಿ. ಇವತ್ತಿನ ಆಟ ನಿಲ್ಲಿಸೇನಿ.”

ಕಿಟಕಿಯಲ್ಲಿ ಬಿಸಿಲು ಅವರ ಹಾಸಿಗೆಯವರೆಗೆ ಬಂದಿತ್ತು. ಕಾಕಾ, ಹೊರಗ ಇನ್ನೂ ಬಿಸಲ ಐತ್ರಿ ಎಂದೆ.

“ಅಂಪೈರ್ ನೀನೋ, ನಾನೋ?”

ಅವರು ನಕ್ಕರು. ನಾನೂ ನಕ್ಕೆ. ನಾಳೆ ಬರುತ್ತೇನೆ ಎಂದು ಎದ್ದೆ. ಮರುದಿನ ಬೆಳಿಗ್ಗೆ ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಾಗ ಕಾಕುವಿನ ಫೋನು ಬಂತು. ಖಾನಾಪುರದಿಂದ ಬೆಳಗಾವಿ ಅಷ್ಟು ದೂರ ಎಂದು ನನಗೆ ಅಂದೇ ಗೊತ್ತಾದದ್ದು.

ನಾವು ಸೋತದ್ದು ಅವರಿಗೆ ತಿಳಿದಿತ್ತೋ, ನನ್ನ ಮುಖ ನೋಡಿ ತಿಳಿಯಿತೋ, ಅಥವಾ ನಿಜವಾಗಿಯೂ ದಣಿದಿದ್ದರೋ, ಇಂದಿಗೂ ನನಗೆ ಗೊತ್ತಿಲ್ಲ. ಅವರು ಕೇಳಿದ ಆಟದಲ್ಲಂತೂ ನಮ್ಮವರು ಔಟಾಗಲಿಲ್ಲ.

ಈ ವರ್ಷವೂ ಒಂದು ಟೆಸ್ಟು ಹಾಗೆಯೇ ಕೊನೆಯ ದಿನದ ಕೊನೆಯ ಅವಧಿಯವರೆಗೆ ಜಗ್ಗಾಡಿತು. ಮನೆಯಲ್ಲಿ ಒಬ್ಬಳೇ ಕೂತು ನೋಡಿದೆ. ಕಾಲು ನೋಡಿದೆ, ಫೀಲ್ಡರುಗಳನ್ನು ನೋಡಿದೆ. ಯಾವ ಓವರಿನಲ್ಲಿ ಪಂದ್ಯ ತಿರುಗಿತೆಂದು ಹೇಳಲು ಬಾಯಿ ತುಂಬ ಮಾತಿತ್ತು. ಗೆದ್ದಾಗ ಬೀದಿಯ ಹುಡುಗರು ಪಟಾಕಿ ಹೊಡೆದರು, ಯಾರೋ ಪೇಡೆ ಕೊಟ್ಟು ಹೋದರು. ಪೇಡೆ ಹಿಡಿದುಕೊಂಡು ಕೂತಲ್ಲೇ ಕಾಕಾ ಬೇಕೆನಿಸಿತು, ಬಹಳ ಬೇಕೆನಿಸಿತು. ಫಲಿತಾಂಶವನ್ನು ಬಚ್ಚಿಟ್ಟುಕೊಂಡು ಶುರುವಿನಿಂದ ಆಟ ಹೇಳಲು ಈಗ ನನಗೆ ಯಾರೂ ಇಲ್ಲ.