ನೀಲಿ ಚೌಕದೊಳಗಿನ ಭತ್ತ

ನೀರುಗಂಟಿ ತಾತನ ಕಾಲ್ಬೆರಳ ಸಂದುಗಳು ವರ್ಷವಿಡೀ ಬೆಳ್ಳಗೆ ನೆನೆದುಕೊಂಡೇ ಇರುತ್ತಿದ್ದವು. ಹಿಮ್ಮಡಿ ಮಾತ್ರ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. "ಚಪ್ಪಲಿ ಹಾಕ್ಕೊಳ್ಳಿ ತಾತ" ಎಂದರೆ, "ಆಕ್ಕಂಡ್ರ ಗದ್ದೆ ನಂಜೊತೆ ಮಾತಾಡಾಕಿಲ್ಲ ಕಣ್ ಕೂಸೇ" ಎನ್ನುತ್ತಿದ್ದರು.

ನನಗೆ ನೆಂಟರಲ್ಲ, ಊರ ಮಕ್ಕಳಿಗೆಲ್ಲ ತಾತ; ಮಾಂಬಳ್ಳಿಯಿಂದ ಒಳಗಿರುವ ನಮ್ಮೂರಿನ ಕೆರೆಗೆ ಅವರು ನೀರುಗಂಟಿ. ತೂಬು ಎತ್ತುವುದು, ಕಾಲುವೆ ತಿರುಗಿಸುವುದು, ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಎಂದು ನೋಡುವುದು ಅವರ ಕೆಲಸ. ಆ ಮನೆತನಕ್ಕೆ ಕೆರೆಯ ಕೆಳಗೆ ಒಂದು ಗುಂಟೆ ಗದ್ದೆಯೂ ಇರಕೂಡದೆಂಬುದು ಹಿಂದಿನಿಂದ ಬಂದ ಕಟ್ಟಳೆ; ಇದ್ದರೆ ನೀರು ತಿರುಗಿಸುವ ಕೈ ತನ್ನ ಕಡೆಗೇ ವಾಲುತ್ತದಲ್ಲ. ಸುಗ್ಗಿಯಲ್ಲಿ ಪ್ರತಿ ಗದ್ದೆಯವರೂ ಕಣದಲ್ಲಿ ಅವರಿಗೆಂದು ಒಂದು ಹೊರೆ ಭತ್ತ ತೆಗೆದಿಡುತ್ತಿದ್ದರು. ಆ ಹೊರೆ ಇಡದೆ ಕಣ ಗುಡಿಸಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

ಓದು ಮುಗಿಸಿ ನಾನು ಹಿಡಿದ ಮೊದಲ ಕೆಲಸವೂ ನೀರಿನದೇ. ಉಪಗ್ರಹದಿಂದ ಚಿತ್ರ ಬರುತ್ತದೆ. ನೆಲ ಎಲ್ಲಿ ತಂಪಾಗಿದೆ, ಎಲ್ಲಿ ಕಾದಿದೆ ಎಂದು ನೋಡಿ ಬೆಳೆ ಎಷ್ಟು ನೀರು ಕುಡಿದಿದೆ ಎಂದು ಅಂದಾಜು ಮಾಡುತ್ತಾರೆ. ಕುಡಿದ ಜಾಗ ನೀಲಿ, ಬಾಯಾರಿದ ಜಾಗ ಕೆಂಪು. ಚಿತ್ರದ ಒಂದೊಂದು ಚೌಕದಲ್ಲಿ ಎರಡು ಎಕರೆಯಷ್ಟು ನೆಲ ಹಿಡಿಯುತ್ತದೆ. ಅದರೊಳಗಿನ ಬದು ಆಕಾಶಕ್ಕೆ ಕಾಣುವುದಿಲ್ಲ. ಹಾಗಾಗಿ ಗದ್ದೆಗಿಳಿದು, ಅಲ್ಲಿ ಏನೇನಿದೆ ಎಂದು ನೋಡಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ಮೊದಲ ಚಿತ್ರವನ್ನು ಅವರಿಗೇ ತೋರಿಸಿದೆ. ಮೊಬೈಲನ್ನು ತೋಳುದ್ದ ಹಿಡಿದು ನೋಡಿದರು. ನೀರು ಬಳಕೆದಾರರ ಸಂಘದ ಅಧ್ಯಕ್ಷರ ಗದ್ದೆ ಎಲ್ಲಕ್ಕಿಂತ ಕಡುನೀಲಿ. "ಇದ್ಕ ಆಕಾಸುಕ್ಕ ಯಾಕವ್ವ ಓಗ್ಬೇಕಿತ್ತು? ನನ್ನ ಕೇಳಿದ್ರ ನಾನೇ ಯೋಳ್ತಿರ್ನಿಲ್ವಾ?" ಎಂದು ನಕ್ಕರು. ನಕ್ಕರೂ ಮರುದಿನದಿಂದ ತಾವೇ ಕರೆದು, "ನಿನ್ನ ಉಪಗ್ರ ಇವತ್ತೇನಂತು?" ಎಂದು ಕೇಳತೊಡಗಿದರು.

ಆ ವರ್ಷ ಕೆರೆ ಅರ್ಧಕ್ಕೇ ನಿಂತಿತು. ಎಲ್ಲಾದರೂ ಒಂದು ಸರದಿ ನೀರು ಉಳಿಸಲೇಬೇಕಿತ್ತು. ಚಿತ್ರ ನೋಡಿ ತೀರ್ಮಾನಿಸೋಣ ಎಂದು ಸಂಘ ಸಭೆ ಕರೆಯಿತು. ಕಾಲುವೆಯ ಕಟ್ಟಕಡೆಯ ಚೌಕ ನೀಲಿಯಾಗಿತ್ತು. ಅಲ್ಲಿರುವುದು ನಾಲ್ಕು ಕಿರುಗದ್ದೆ, ಒತ್ತಿಗೇ ಬೋರ್‌ವೆಲ್ಲಿನ ಬಾಳೆತೋಟ. ಬಾಳೆಯ ತಂಪೇ ಇಡೀ ಚೌಕವನ್ನು ನೀಲಿ ಮಾಡಿತ್ತು. ನಾನು ಗದ್ದೆಗೆ ಇಳಿದಿದ್ದರೆ ಅದು ತಿಳಿಯುತ್ತಿತ್ತು. ಇಳಿದಿರಲಿಲ್ಲ, ಬಿಸಿಲೆಂದು ಕಾಲುವೆಯ ದಂಡೆಯ ಮೇಲೇ ಸ್ಕೂಟರ್ ನಿಲ್ಲಿಸಿ, ಹಸಿರು ಕಂಡು, 'ಭತ್ತ, ನೀರು ಸಾಕಷ್ಟಿದೆ' ಎಂದು ಬರೆದುಕೊಂಡು ಬಂದಿದ್ದೆ.

ಸಭೆಯಲ್ಲಿ ಅವರು ಎದ್ದು ನಿಂತರು. "ಸಾ, ಆ ನೀಲಿ ಒಳಗ ಬಾಳೆ ಕುಡ್ದಿದ್ದೆಷ್ಟು, ಬತ್ತ ಕುಡ್ದಿದ್ದೆಷ್ಟು? ಬತ್ತ ತೆನೆ ಕಟ್ಟಾ ಒತ್ತು ಇದು. ಈಗ ಬಾಯಿ ಒಣಗಿಸುದ್ರ ಉಳಿಯದು ಬರೀ ಉಲ್ಲೇಯ."

ನಮ್ಮ ಎಂಜಿನಿಯರ್ ನನ್ನ ಕಡೆ ತಿರುಗಿದರು. "ನೀನು ಗದ್ದೆಯೊಳಗೇ ಹೋಗಿ ನೋಡಿದ್ದೀಯಲ್ಲಮ್ಮಾ?"

"ನೋಡಿದ್ದೀನಿ ಸಾರ್" ಎಂದೆ.

ನಾನು ಹೋಗಿರಲಿಲ್ಲವೆಂದು ತಾತನಿಗೆ ಗೊತ್ತಿತ್ತು. ಬೆಳಗಿನಿಂದ ಬೈಗಿನವರೆಗೆ ಕಾಲುವೆಯ ಮೇಲೇ ಇರುವವರಿಗೆ ಯಾರ ಹೆಜ್ಜೆ ಎಲ್ಲಿ ಬಿತ್ತೆಂದು ತಿಳಿಯದೆ ಇರುತ್ತದೆಯೇ? ಒಮ್ಮೆ ನನ್ನ ಮುಖ ನೋಡಿದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಕೂತುಬಿಟ್ಟರು.

ಕೊನೆಯ ಚೌಕಕ್ಕೆ ಒಂದು ಸರದಿ ನೀರು ಬೇಡವೆಂದು ತೀರ್ಮಾನವಾಯಿತು; ಸಭೆಯ ಮಾತನ್ನು ನೀರುಗಂಟಿ ಮೀರುವಂತಿಲ್ಲ. ಕೊನೆಯ ಗದ್ದೆಗಳ ಸರದಿಯ ದಿನ ಅವರು ಕಾಲುವೆಯ ಬಾಯಿಗೆ ಮಣ್ಣು ಹಾಕಿ ಮುಚ್ಚಿ, ಅಲ್ಲೇ ನಿಂತರು. ಆ ನಾಲ್ಕರಲ್ಲಿ ಒಂದು ಗದ್ದೆಯ ಅಕ್ಕ ಓಡಿ ಬಂದಳು. "ಯಾರ್ ಕೈ ಬೆಚ್ಚಗ್ ಮಾಡುದ್ರೋ ನಿಂಗ? ಬಾಳೆ ತ್ವಾಟದವ್ರಾ?" ಎಂದು ಬಾಯಿಗೆ ಬಂದಂತೆ ಬೈದಳು. ಅವರು ತಲೆ ಎತ್ತಲಿಲ್ಲ. ಹತ್ತು ಮಾರು ದೂರದಲ್ಲಿ ನಾನಿದ್ದೆ. ಅವರು ನನ್ನತ್ತ ಕೈ ತೋರಿಸಿದ್ದರೆ ಸಾಕಿತ್ತು.

ತೆನೆ ಬಂತು, ಹಿಸುಕಿದರೆ ಜೊಳ್ಳು. ಅವತ್ತು ತಾತನ ಮುಂದೆ ಅತ್ತೆ. "ಯಾಕೆ ನನ್ನ ಹೆಸರು ಹೇಳಲಿಲ್ಲ ನೀವು?"

"ನನ್ನ ಬೈದ್ರ ಬೈಗುಳ ಬದೀನ್ ಮ್ಯಾಲೇ ಉದುರೋಯ್ತದ. ನಿನ್ನ ಬೈದ್ರ, ನಾಳ ಇನ್ನೊಂದು ಎಣ್ಮೊಗ ಈ ಕೆಲ್ಸುಕ್ಕ ಬತ್ತದಾ?" ಎಂದರು. ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಆದ್ರ ಆ ತಪ್ಪ ನೀನೇ ಓಗಿ ಅವ್ಳಿಗ ಯೋಳ್ಬೇಕು. ಯಾವಾಗ ಅಂತ ನಾ ಕೇಳಾಕಿಲ್ಲ" ಎಂದರು.

ಕಚೇರಿಯಲ್ಲಿ ಹೇಳಿದೆ. ಚೌಕ ಒಡೆದು ಬಾಳೆಯದು ಬೇರೆ, ಭತ್ತದ್ದು ಬೇರೆ ಅಂದಾಜು ಮಾಡಿದರು. ಎಂಜಿನಿಯರ್ ಬೈದರು, ಕೆಲಸ ಉಳಿಯಿತು. ಆ ಅಕ್ಕನ ಮನೆಯ ಹಾದಿ ಮಾತ್ರ ನನಗೆ ದೂರವಾಯಿತು.

ಮುಂದಿನ ಸುಗ್ಗಿ ತುಂಬಿ ಬಂತು. ಎಲ್ಲರ ಕಣದಲ್ಲೂ ನೀರುಗಂಟಿಯ ಹೊರೆ ಇತ್ತು, ಅವಳ ಕಣದಲ್ಲಿರಲಿಲ್ಲ. ತಾತ ಆ ಕಣದಂಚಿಗೆ ಹೋಗಿ ನಿಂತು, "ಬತ್ತ ಚಂದಾಗ್ ಬಂದದ ಕಣವ್ವ" ಎಂದು ಹೇಳಿ ಮುಂದಿನ ಕಣಕ್ಕೆ ನಡೆದರಂತೆ. ಅವಳು ಮೊರ ನಿಲ್ಲಿಸಲಿಲ್ಲವಂತೆ. ಆಮೇಲೂ ನಾನು ಎದುರಾದಾಗಲೆಲ್ಲ ತಾತ ಉಪಗ್ರಹದ ಸಮಾಚಾರ ಕೇಳುತ್ತಿದ್ದರು, ನಗಿಸುತ್ತಿದ್ದರು. ಆ ಒಂದನ್ನು ಮಾತ್ರ, ಮಾತು ಕೊಟ್ಟ ಹಾಗೆಯೇ, ಕೇಳಲಿಲ್ಲ. ನಾನೂ ನಾಳೆ, ನಾಡಿದ್ದು ಎಂದುಕೊಂಡೇ ಇದ್ದೆ.

ಈ ವರ್ಷ ಹನೂರಿನಾಚೆ, ಹೂಗ್ಯಂ ಕಡೆಯ ಜೋಳದ ಹೊಲಗಳಲ್ಲಿ ಇದೇ ಕೆಲಸದ ಮೇಲಿದ್ದಾಗ ಸುದ್ದಿ ಬಂತು. ಜ್ವರವಂತೆ, ನಾಲ್ಕೇ ದಿನ. ಹನೂರು, ಕೊಳ್ಳೇಗಾಲ ಎಂದು ಬಸ್ಸು ಬದಲಿಸುತ್ತ ಊರು ಸೇರುವಷ್ಟರಲ್ಲಿ ಮಣ್ಣಾಗಿತ್ತು. ಊರಿಗೆ ಊರೇ ಬಂದಿತ್ತಂತೆ. ಆ ಅಕ್ಕ ಬಂದಿರಲಿಲ್ಲವಂತೆ.

ನೆಟ್ಟಗೆ ಅವಳ ಮನೆಗೆ ಹೋದೆ. ಹಿತ್ತಿಲಲ್ಲಿ ಹುರುಳಿ ಕೇರುತ್ತಿದ್ದಳು. ನಿಂತೇ ಎಲ್ಲ ಹೇಳಿದೆ: ಬಿಸಿಲು, ಸ್ಕೂಟರು, ಸಭೆಯಲ್ಲಿ ಆಡಿದ ಸುಳ್ಳು. ಅವಳ ಕೈ ನಿಂತಿತು. ಬೈಯುತ್ತಾಳೆಂದು ಕಾದೆ.

"ಮೂರ್ ವರ್ಸ ನನ್ ಬಾಗ್ಲ ಮುಂದೇ ಓಗ್ತಿದ್ದ. 'ಉಂಡ್ಯಾ ಅವ್ವ' ಅಂತಿದ್ದ. ನಾ ಮಖ ತಿರುಗಿಸ್ಕತಿದ್ದೆ" ಎಂದಳು. ಮೊರ ಕೆಳಗಿಟ್ಟಳು. "ನಿನ್ನೆ ಬಂದು ಯೋಳುದ್ರೂ ಆಗ್ತಿತ್ತಲ್ಲ ಕೂಸೇ. ಒಂದ್ ಬೊಗ್ಸೆ ಮಣ್ಣಾದ್ರೂ ಆಕಿ ಬತ್ತಿದ್ನಲ್ಲ."