ಮೋಟರು ಸುತ್ತುವ ಕೈ ಉಳಿಸಿದ ದನಿ

ಬೆಳಗಿನ ಐದು ಗಂಟೆ. ಹರಿಹರದಲ್ಲಿ ಕೋಳಿಗಳನ್ನು ಎಬ್ಬಿಸುವವರು ಒಬ್ಬರಿದ್ದಾರೆ, ಅವರೇ ಬಕ್ಕೇಶಪ್ಪ. ರಿವೈಂಡಿಂಗ್ ಅಂಗಡಿಯ ಷಟರ್ ಅರ್ಧ ಎತ್ತಿ, ತಾಮ್ರದ ತಂತಿಯ ಸುರುಳಿಗಳ ನಡುವೆ ಹಳೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಏಳಕ್ಕೆ ಪಕ್ಕದಂಗಡಿಯ ಲೇತ್ ಯಂತ್ರ ಶುರುವಾದರೆ ಏನೂ ಕೇಳುವುದಿಲ್ಲ. ಅವರಿಗೆ ಕೇಳಬೇಕಿರುವುದು ಒಂದೇ ದನಿ.

ಐವತ್ತೆಂಟರ ಬಕ್ಕೇಶಪ್ಪ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವವರು. ದಿನಕ್ಕೆ ನಾಲ್ಕು ಮೋಟರು, ಮೂವತ್ತು ವರ್ಷ. ಅಷ್ಟೂ ತಂತಿ ಬಿಚ್ಚಿದರೆ ಚಂದ್ರನನ್ನು ಮುಟ್ಟಿ ಬಂದು, ಮಿಕ್ಕಿದ್ದರಲ್ಲಿ ಹತ್ತಿರದ ಹದಡಿ ಊರಿಗೆಲ್ಲ ಬಟ್ಟೆ ಒಣಹಾಕಬಹುದು. ಕಂಪ್ಯೂಟರಿನ ಕೋಡ್ ಎಂಬುದನ್ನು ಮಾತ್ರ ಹೋದ ವರ್ಷದವರೆಗೆ ಕಣ್ಣಲ್ಲಿ ಕಂಡವರಲ್ಲ.

ಅವರ ಹೆಂಡತಿ ಸರೋಜಾ ದಾವಣಗೆರೆಯ ಅಂಧ ಮಕ್ಕಳ ಶಾಲೆಯೊಂದರಲ್ಲಿ ಟೀಚರ್ ಆಗಿದ್ದರು. ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ಒಂದು ಉಚಿತ ತಂತ್ರಾಂಶವಿದೆ. ಅದರ ಕೋಡ್ ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ತಿದ್ದಬಹುದು. ಅದಕ್ಕೆ ದನಿ ಕೊಡಲು ಸರೋಜಾ, ಹೊರಗಿನ ಸದ್ದು ಬಾರದಂತೆ ಕೌದಿ ಹೊದ್ದು, ಎರಡು ಸಾವಿರದ ಇನ್ನೂರು ವಾಕ್ಯ ಓದಿದರು. ಕೌದಿಯ ಅಂಚು ಹಿಡಿದು ನಿಂತವರು ಬಕ್ಕೇಶಪ್ಪ. ಮೂರು ವರ್ಷದ ಹಿಂದೆ ಸರೋಜಾ ತೀರಿಕೊಂಡರು. ದನಿ ಮಕ್ಕಳ ಮೊಬೈಲುಗಳಲ್ಲಿ ಪಾಠ ಓದುತ್ತಲೇ ಇತ್ತು.

ಕಳೆದ ವರ್ಷ ಸರೋಜಾ ಅವರ ಹಳೆಯ ವಿದ್ಯಾರ್ಥಿನಿ ಸಹನಾ ಫೋನ್ ಮಾಡಿದಳು. "ಅಂಕಲ್, ಟೀಚರ್ ದನಿ ಹೊಸ ಆವೃತ್ತಿಗೆ ಹೊಂದ್ತಿಲ್ಲಂತೆ. ನೋಡ್ಕೊಳ್ಳೋರು ಯಾರೂ ಇಲ್ಲ, ಮಾರ್ಚಿಗೆ ತೆಗೆದುಬಿಡ್ತಾರಂತೆ."

"ನೋಡ್ಕೊಳ್ಳಾಕೆ ನಾನಿದೀನಲ್ಲಮ್ಮ" ಅಂದುಬಿಟ್ಟರು. ಏನನ್ನು ನೋಡಿಕೊಳ್ಳಬೇಕು ಎಂಬುದು ಗೊತ್ತಿರಲಿಲ್ಲ.

ದನಿ ತಿದ್ದಬೇಕಾದರೆ ಮೊದಲು ಇಡೀ ತಂತ್ರಾಂಶ ಅವರ ಕಂಪ್ಯೂಟರಿನಲ್ಲೇ ತಯಾರಾಗಬೇಕು. ಅದಕ್ಕೆ ಬೇಕಾದ ಸಾಮಾನನ್ನು ಒಂದೊಂದಾಗಿ ಇಳಿಸಿಕೊಳ್ಳಬೇಕು. ಒಂದರ ಆವೃತ್ತಿ ತಪ್ಪಿದರೆ ಮಿಕ್ಕವೆಲ್ಲ ಮುನಿಸಿಕೊಳ್ಳುತ್ತವೆ. ಮೊದಲ ದಿನ ಪರದೆಯ ಮೇಲೆ ಬಂದ ತಪ್ಪಿನ ಸಾಲುಗಳನ್ನು ಜೋಡಿಸಿದ್ದರೆ ತುಂಗಭದ್ರೆಗೆ ಇನ್ನೊಂದು ಸೇತುವೆ ಆಗುತ್ತಿತ್ತು. ಬಕ್ಕೇಶಪ್ಪ ಮೊದಲ ಸಾಲನ್ನಷ್ಟೇ ಬರೆದುಕೊಂಡರು. "ಮೋಟ್ರು ಸುಟ್ಟಾಗ ಮೊದ್ಲು ಸುಟ್ಟ ಸುತ್ತು ಯಾವ್ದು ಅಂತ ಹುಡುಕ್ಬೇಕ್ರಿ. ಉಳಿದಿದ್ದೆಲ್ಲ ಅದ್ರ ಹಿಂದೆ ಸುಟ್ಟಿರ್ತಾವೆ. ಇದೂ ಹಂಗೇ ಐತೆ."

ಆದರೆ ಕಸುಬಿನ ಚಾಳಿ ಬಿಡಬೇಕಲ್ಲ? ಒಂದು ತಪ್ಪು ಕಂಡರೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡುತ್ತಿದ್ದರು. ಹೀಗೆ ಹನ್ನೊಂದು ಸಲ.

"ಒಂದು ತಪ್ಪಿಗೆ ಇಡೀ ಕಂಪ್ಯೂಟರ್ ತೊಳೀತಾರೇನ್ರಿ ಅಂಕಲ್?" ಎಂದು ಸಹನಾ ಗದರಿದಳು.

"ಹಳೇ ತಂತಿ ಬಿಚ್ಚದೆ ಸುತ್ತಿ ನನಗೆ ಗೊತ್ತಿಲ್ಲಮ್ಮ."

ಹನ್ನೆರಡನೇ ಸಲ, ಫೆಬ್ರವರಿಯ ಒಂದು ಮುಂಜಾನೆ, ತಪ್ಪಿನ ಸಾಲು ಬರಲಿಲ್ಲ. ಸ್ಪೀಕರಿನಿಂದ ಸರೋಜಾ "ಒಂದು, ಎರಡು, ಮೂರು" ಎಂದರು. ಬಕ್ಕೇಶಪ್ಪ ಎದ್ದು ಷಟರ್ ಪೂರ್ತಿ ಇಳಿಸಿದರು. ಹರಿಹರಕ್ಕೇ ಬೆಳಗಾದರೂ ಅಂದು ಎಂಟರವರೆಗೆ ಅಂಗಡಿ ತೆರೆಯಲಿಲ್ಲ.

ಮುಂದಿನ ದಿನಗಳಲ್ಲಿ ಹೊಸ ಆವೃತ್ತಿಗೆ ಹೊಂದದ ಸಾಲುಗಳನ್ನು ಒಂದೊಂದಾಗಿ ತಿದ್ದಿದರು. ತಿದ್ದಿದ್ದನ್ನು ತಂತ್ರಾಂಶ ನಡೆಸುವವರಿಗೆ ಕಳಿಸುವಾಗ ಮಾದರಿಗೆ ಆ ದನಿಯಲ್ಲಿ ಒಂದು ವಾಕ್ಯವನ್ನೂ ಕಳಿಸಬೇಕಿತ್ತು. "ನಿಮ್ಮ ಹೆಸರೇ ಟೈಪ್ ಮಾಡ್ರಿ ಅಂಕಲ್, ಟೀಚರ್ ಹೇಳ್ತಾರೆ" ಎಂದಳು ಸಹನಾ. ಬಕ್ಕೇಶಪ್ಪನವರ ಬೆರಳು ಕೀಲಿಗಳ ಮೇಲೆ ಹೋಗಿ, ನಿಂತು, ಹಿಂದೆ ಬಂತು. "ಮಕ್ಕಳೇ, ಪುಸ್ತಕ ತೆಗೀರಿ" ಎಂದು ಟೈಪ್ ಮಾಡಿ ಕಳಿಸಿದರು. ಮಾರ್ಚಿನಲ್ಲಿ ಹೊಸ ಆವೃತ್ತಿ ಬಂತು. ದನಿ ಉಳಿದಿದೆ.

ಈಗಲೂ ದಿನಾ ಐದಕ್ಕೆ ಬಂದು, ದನಿ ಸರಿಯಾಗಿದೆಯೇ ಎಂದು ಒಂದು ಪಾಠ ಓದಿಸಿ ನೋಡುತ್ತಾರೆ. ಹೆಸರನ್ನು ಮಾತ್ರ ಇಂದಿಗೂ ಟೈಪ್ ಮಾಡಿಲ್ಲ.

"ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ಲು, ಒಂದಿನಾನೂ ನನ್ನ ಹೆಸರು ಹೇಳಲಿಲ್ಲ. ಏನ್ರಿ ಅಂತಿದ್ಲು, ಅಷ್ಟೆ. ಈಗ ಬ್ಯಾಡ ಅನ್ನಾಕೆ ಅವಳಿಲ್ಲ ಅಂತ ನಾನು ಹೇಳ್ಸಿಬಿಡ್ಲಾ?" ಕೈಗಂಟಿದ ವಾರ್ನಿಷ್ ಒರೆಸಿಕೊಳ್ಳುತ್ತಾರೆ. "ಮಕ್ಳಿಗೆ ಓದ್ತಾ ಇರ್ಲಿ, ಸಾಕು. ನನ್ನ ಕರೆಯೋದಾದ್ರೆ ಅವಳಾಗೇ ಕರೀಬೇಕು."