ಹಂದಿತಲೆ ಮಾಲ್ಸುನ್ ಪದವಿ ಪಡೆದ ಪ್ರಸಂಗ

ದೇಗು ಪಟ್ಟಣದ ದೊಡ್ಡ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹಂದಿತಲೆ ಬೇಯಿಸುವವರು ಏಳು ಮಂದಿ ಇದ್ದರು. ಬೇಯಿಸಿದ ತಲೆಯನ್ನು ನಗಿಸಬಲ್ಲವಳು ಮಾತ್ರ ಒಬ್ಬಳೇ, ಗ್ವಾಕ್ ಮಾಲ್ಸುನ್.

ಹೊಸ ಅಂಗಡಿ ತೆರೆಯುವವನಿರಲಿ, ಹೊಸ ಲಾರಿ ಕೊಂಡವನಿರಲಿ, ಹೊಸ ನಾಟಕ ಕಟ್ಟಿದವನಿರಲಿ, ಶುಭಾರಂಭದ ಮೇಜಿನ ಮೇಲೆ ಹಂದಿತಲೆ ಇಡಬೇಕು, ಅದಕ್ಕೆ ಅಡ್ಡಬೀಳಬೇಕು, ಅದರ ಬಾಯಿಗೆ ನೋಟು ಸಿಕ್ಕಿಸಬೇಕು. ಆ ತಲೆ ನಗುತ್ತಿರಬೇಕು. ಮುಖ ಗಂಟುಹಾಕಿಕೊಂಡ ಹಂದಿಗೆ ಕೈಮುಗಿದು ಹೊರಟ ಲಾರಿ ಮೊದಲ ತಿರುವಿನಲ್ಲೇ ಕಂಬಕ್ಕೆ ಮುತ್ತಿಡುತ್ತದೆ ಎಂಬುದು ಓಣಿಯ ಬೆಕ್ಕುಗಳಿಗೂ ಗೊತ್ತಿತ್ತು. ಮಾಲ್ಸುನ್ ಬೇಯಿಸಿದ ತಲೆಯ ಕಣ್ಣು ಬಿದಿಗೆ ಚಂದ್ರನಂತೆ ಬಾಗುತ್ತಿತ್ತು, ತುಟಿಯ ತುದಿ ಕಿವಿಯನ್ನು ಮಾತಾಡಿಸಲು ಹೊರಟಂತಿರುತ್ತಿತ್ತು. ಅದನ್ನು ಕಂಡವರು, ಪಾಪ ಇದು ಸತ್ತದ್ದೇ ಯಾವುದೋ ಒಳ್ಳೆಯ ಸುದ್ದಿ ಕೇಳಿ ಇರಬೇಕು ಎಂದುಕೊಳ್ಳುತ್ತಿದ್ದರು.

ನಾಲ್ಕು ಹೆಣ್ಣಾದ ಮೇಲೆ ಹುಟ್ಟಿದ ಐದನೆಯವಳು ಅವಳು. ‘ಇವಳೇ ಕೊನೆ, ಇನ್ನು ಸಾಕು’ ಎಂಬ ಅರ್ಥ ಬರುವಂತೆ ಅಪ್ಪ ಮಾಲ್ಸುನ್ ಎಂದು ಹೆಸರಿಟ್ಟ. ಐದು ಹೆಣ್ಣುಮಕ್ಕಳ ಮನೆಯಲ್ಲಿ ಕೊನೆಯವಳ ಅಹವಾಲು ಯಾರ ಕಿವಿಗಾದರೂ ಬೀಳಬೇಕಾದರೆ ಅರಚಲೇಬೇಕು. ಹಾಗೆ ಬೆಳೆದ ಗಂಟಲನ್ನು ಮಾರುಕಟ್ಟೆ ಮೂವತ್ತು ವರ್ಷ ಸಾಣೆ ಹಿಡಿಯಿತು. ಅರ್ಜುನನಿಗೆ ದೇವದತ್ತ, ಭೀಮನಿಗೆ ಪೌಂಡ್ರ, ಮಾಲ್ಸುನ್‌ಗೆ ಗಂಟಲು. “ತಲೆ ಬೇಕಾ, ತಲೆ!” ಎಂದು ಅವಳೊಮ್ಮೆ ಕೂಗಿದರೆ ಬಟ್ಟೆ ಓಣಿಯ ದರ್ಜಿಗಳ ಸೂಜಿಯಿಂದ ದಾರ ಜಾರುತ್ತಿತ್ತಂತೆ.

ಇಂಥ ಹೆಂಗಸು ಐವತ್ತಮೂರನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ಸಂಗೀತ ನಾಟಕ ವಿಭಾಗಕ್ಕೆ ಸೇರಿದ್ದಕ್ಕೆ ಹಂದಿಗಳೇ ಹೊಣೆ. ಹದಿನೆಂಟು ವರ್ಷ ಗುಡ್ಡದ ಮೇಲಿನ ಆ ವಿಭಾಗಕ್ಕೆ ತಲೆ ಒದಗಿಸಿದವಳು ಅವಳೇ. ತಲೆ ಇಟ್ಟು ಬರುವುದಕ್ಕೆ ಐದು ನಿಮಿಷ ಸಾಕು. ಆದರೆ ಅವಳು ಕೊನೆಯ ಸಾಲಿನಲ್ಲಿ ಕುಳಿತು ತಾಲೀಮು ಪೂರ್ತಿ ನೋಡಿಕೊಂಡು, ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟು ತಾಳ ಹಾಕಿ, ಕಣ್ಣೊರೆಸಿಕೊಂಡು ಮನೆಗೆ ಬರುತ್ತಿದ್ದಳು. ಒಂದು ಸಲ ತಡೆಯಲಾರದೆ ಜೊತೆಗೆ ಹಾಡಿಯೇ ಬಿಟ್ಟಳು. ರಂಗದ ಮೇಲಿದ್ದ ನಾಯಕ ತನ್ನ ಸಾಲು ಮರೆತ. ಗಾಯನದ ಮೇಷ್ಟ್ರು ಟಾಕ್ ಹಿಂತಿರುಗಿ ನೋಡಿ, “ಅಮ್ಮಾ, ಇಷ್ಟು ದನಿ ಇಟ್ಕೊಂಡು ತಲೆ ಯಾಕೆ ಮಾರ್ತೀರಿ? ಬಂದು ಓದಬಾರದಾ?” ಎಂದರು.

ಮೇಷ್ಟ್ರು ಹೇಳಿದ್ದು ತಮಾಷೆಗೆ. ಮಾಲ್ಸುನ್‌ಗೆ ತಮಾಷೆ ಅರ್ಥವಾಗುತ್ತಿತ್ತು, ಆದರೆ ತನಗೆ ಬೇಕಾದಾಗ ಮಾತ್ರ. ಹೈಸ್ಕೂಲಿನ ಪರೀಕ್ಷೆಯನ್ನು ಮನೆಯಲ್ಲೇ ಓದಿ ಬರೆದಳು, ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲ ಪಾಸಾದಳು, ಪ್ರವೇಶ ಪರೀಕ್ಷೆಯಲ್ಲಿ ಹಾಡಿ ಕಿಟಕಿ ಗಾಜು ನಡುಗಿಸಿ ಒಳಗೆ ಕಾಲಿಟ್ಟಳು.

ಗಂಡ ಬೊಂಗ್‌ಚೋಲ್ ಮಾತ್ರ ಹಂಡೆಯ ಹಿಂದಿನಿಂದ ಕೇಳಿದ, “ಲೇ, ಓದಿ ಏನಾಗ್ತೀಯೇ?”

“ಪದವೀಧರೆ ಆಗ್ತೀನಿ.”

“ಆಮೇಲೆ?”

“ಆಮೇಲೆ ಪದವೀಧರೆ ಬೇಯಿಸಿದ ತಲೆ ಅಂತ ಬೋರ್ಡು ಹಾಕಿ, ನೀವು ಕೂತು ಮಾರಿ.”

ಮೊದಲ ದಿನ ಇಪ್ಪತ್ತು ವರ್ಷದ ಹಿರಿಯ ವಿದ್ಯಾರ್ಥಿಯೊಬ್ಬ ಕಾಫಿ ಲೋಟ ಹಿಡಿದು, ಹೊಸಬರೆಲ್ಲ ಸೊಂಟ ಬಗ್ಗಿಸಿ ತಮ್ಮ ತರಗತಿ, ಹೆಸರು ಕೂಗಿ ಹೇಳಬೇಕೆಂದು ಅಪ್ಪಣೆ ಮಾಡಿದ. ಅದು ಆ ವಿಭಾಗದ ಸಂಪ್ರದಾಯ. ತನ್ನ ಮಗನಾಗಬಹುದಾದ ಪೋರನ ಮುಂದೆ ಮಾಲ್ಸುನ್ ಸೊಂಟ ಬಗ್ಗಿಸಿ, “ಮೊದಲನೇ ವರ್ಷ! ಗ್ವಾಕ್ ಮಾಲ್ಸುನ್!” ಎಂದಳು. ಕಾಫಿ ಅವನ ಬಿಳಿ ಬೂಟಿನ ಮೇಲಿತ್ತು. ಆ ವರ್ಷ ಮತ್ತೆ ಯಾರೂ ಹೊಸಬರಿಗೆ ಕೂಗಲು ಹೇಳಲಿಲ್ಲ.

ಮೂರು ವರ್ಷ ಯುದ್ಧದಂತೆಯೇ ಕಳೆಯಿತು. ನೃತ್ಯದ ತರಗತಿಯಲ್ಲಿ ಕಾಲನ್ನು ಕಂಬಿಯ ಮೇಲೆ ಇಟ್ಟದ್ದೇ ಒಂದು ವಿಜಯ, ಅದನ್ನು ಕೆಳಗಿಳಿಸಿದ್ದು ಮೂವರು ಸೇರಿ. ಲಾಳ ಬಡಿದ ಬೂಟು ಹಾಕಿ ಕುಣಿಯುವ ಪಾಠದಲ್ಲಿ ಮಾತ್ರ ಅವಳೇ ಮೊದಲು: ಕೊಚ್ಚುಮಣೆಯ ಮೇಲೆ ಕತ್ತಿ ಆಡಿಸಿದ ಲಯ ಕೈಯಿಂದ ಕಾಲಿಗೆ ಇಳಿದಿತ್ತು. ಸಹಪಾಠಿ ಹುಡುಗ ಹುಡುಗಿಯರು ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು. ಅವರಲ್ಲಿ ಪ್ಯೋ ಗಾವೋನ್ ಎಂಬ ಇಪ್ಪತ್ತೆರಡರ ಹುಡುಗಿ ತರಗತಿಯ ಮುಖಂಡೆ. ಕಡ್ಡಿಯಂಥ ಮೈ, ಮೆಣಸಿನಕಾಯಿಯಂಥ ಬಾಯಿ. ಚಿಕ್ಕಮ್ಮನಿಗೆ ಸ್ವರಲಿಪಿ ಓದಲು ಕಲಿಸಿದವಳು ಅವಳು. ಗುರುದಕ್ಷಿಣೆಯಾಗಿ ವಾರಕ್ಕೊಂದು ಪೊಟ್ಟಣ ಹಂದಿಕಿವಿ ಅವಳಿಗೆ ಸಲ್ಲುತ್ತಿತ್ತು.

ಎಲ್ಲ ದಾಟಿ ಬಂದವಳು ಸಿಕ್ಕಿಬಿದ್ದದ್ದು ನಾಲ್ಕನೆಯ ವರ್ಷದ ಪದವಿ ಪ್ರದರ್ಶನದಲ್ಲಿ. ಮಂಜಿನಲ್ಲಿ ನಿಂತುಹೋದ ಒಂದು ದೋಣಿಯ ಕಥೆ ಅದು. ದೋಣಿಯಲ್ಲಿ ಒಂದು ಹಸುಗೂಸು ಅಳುತ್ತದೆ, ಹನ್ನೆರಡು ಪ್ರಯಾಣಿಕರು ಸೇರಿ ಜೋಗುಳ ಹಾಡುತ್ತಾರೆ. ಹನ್ನೆರಡು ಜನರೂ ಒಂದೇ ಗಂಟಲಾಗಿ ಹಾಡಬೇಕು. ಹನ್ನೆರಡರಲ್ಲಿ ಮಾಲ್ಸುನ್ ಒಬ್ಬಳು.

ಬುಧವಾರದ ತಾಲೀಮಿನಲ್ಲಿ ಟಾಕ್ ಮೇಷ್ಟ್ರು ಕೈ ಎತ್ತಿದರು. ಸಣಕಲು ಮನುಷ್ಯ, ನಲವತ್ತೆರಡು ವಯಸ್ಸು, ಎಷ್ಟೇ ಸಿಟ್ಟು ಬಂದರೂ ದನಿ ಏರಿಸದವರು. ಅದಕ್ಕೇ ಎಲ್ಲರಿಗೂ ಅವರನ್ನು ಕಂಡರೆ ನಡುಕ.

“ಮಾಲ್ಸುನ್ ಅವರೇ, ಇದು ಜೋಗುಳ.”

“ಗೊತ್ತು ಮೇಷ್ಟ್ರೇ.”

“ನೀವು ಹಾಡಿದ್ರೆ ಮಗು ಮಲಗೋದಿರಲಿ, ಆಚೆ ಗುಡ್ಡದ ಸಮಾಧಿಯಲ್ಲಿರೋರೂ ಎದ್ದು ಬರ್ತಾರೆ. ನನಗೆ ಇಲ್ಲಿ ಹನ್ನೆರಡು ಜನ ಕೇಳಿಸ್ತಿಲ್ಲ. ನೀವೊಬ್ರು, ನಿಮ್ಮ ಹಿಂದೆ ಹನ್ನೊಂದು ಸೊಳ್ಳೆ.”

ಸೊಳ್ಳೆಗಳು ಕಿಸಕ್ಕೆಂದವು.

“ಶುಕ್ರವಾರ ಸಂಜೆ ಹಂದಿತಲೆ ಪೂಜೆ ಆದ ಮೇಲೆ ಪೂರ್ಣ ತಾಲೀಮು ಇದೆ,” ಎಂದು ಮೇಷ್ಟ್ರು ಅದೇ ಮೆಲುದನಿಯಲ್ಲಿ ಮುಂದುವರಿಸಿದರು. “ಆಗಲೂ ನಿಮ್ಮ ದನಿ ಬೇರೆಯಾಗಿ ಕೇಳಿಸಿದ್ರೆ, ನೀವು ಪರದೆಯ ಹಿಂದೆ ಹಗ್ಗ ಎಳೀಬೇಕು. ರಂಗದ ಮೇಲೆ ನಿಲ್ಲದವರಿಗೆ ಈ ವರ್ಷ ಪದವಿ ಇಲ್ಲ, ಅದು ನಿಮಗೂ ಗೊತ್ತು. ಬೇಜಾರು ಮಾಡ್ಕೋಬೇಡಿ.”

ಮಾಲ್ಸುನ್ ಬೇಜಾರು ಮಾಡಿಕೊಳ್ಳಲಿಲ್ಲ, ಭೀಷ್ಮನಂತೆ ಪ್ರತಿಜ್ಞೆ ಮಾಡಿದಳು. ದನಿಯನ್ನು ಕೊಂದಾದರೂ ಸರಿ, ರಂಗದ ಮೇಲೆ ನಿಲ್ಲುವುದೇ! ಬಾಯಿಗೆ ಟವೆಲು ಹಿಡಿದು ಹಾಡಿದಳು, ನೆರೆಯವರು ಯಾರನ್ನೋ ಉಸಿರುಗಟ್ಟಿಸಿ ಕೊಲ್ಲುತ್ತಿದ್ದಾರೆಂದು ಓಡಿಬಂದರು. ಅರ್ಧ ಉಸಿರಿನಲ್ಲಿ ಹಾಡಿದಳು, ಆಡಿನ ಮರಿಯೊಂದು ಒಳಗಿಂದ ಕೂಗಿತು. ದನಿಯನ್ನು ಹಿಡಿದಷ್ಟೂ ಅದು ಚೀಲದಲ್ಲಿ ಕಟ್ಟಿದ ಕೋಳಿಯಂತೆ ಒದೆಯುತ್ತಿತ್ತು.

ಗಾವೋನ್ ಕಿವಿಯಲ್ಲಿ ಉಪಾಯ ಹೇಳಿದಳು. “ಚಿಕ್ಕಮ್ಮ, ಸುಮ್ನೆ ಬಾಯಾಡಿಸಿಬಿಡಿ. ದನಿ ಬಿಡಲೇಬೇಡಿ. ಹನ್ನೊಂದು ಜನ ಹಾಡಿದ್ರೆ ಸಾಲದಾ? ಮೇಷ್ಟ್ರಿಗೆ ಎಲ್ಲಿ ಗೊತ್ತಾಗುತ್ತೆ!”

“ಥೂ, ಬಿಡ್ತು ಅನ್ನೇ! ಬೇಯದ ತಲೇನ ಬೆಂದದ್ದು ಅಂತ ಮಾರೋಳಾ ನಾನು?”

“ಹಾಗಾದ್ರೆ ಹಗ್ಗ ಎಳೀರಿ.”

“ಎಳೀತೀನಿ, ನಿನ್ನ ಜಡೇನ!”

ಶುಕ್ರವಾರ ಬೆಳಗಾಯಿತು. ಸಂಜೆ ನಾಲ್ಕಕ್ಕೆ ಪೂಜೆ. ವಿಭಾಗದ ತಲೆ ಯಾವಾಗಲೂ ಮಾಲ್ಸುನ್‌ದೇ, ಈ ವರ್ಷವಂತೂ ಮನೆಮಗಳದೇ. ಅವಳು ತಲೆಯನ್ನು ಬೋಳಿಸಿ, ಮೈದಾ ಹಿಟ್ಟು ಹಚ್ಚಿ ಉಜ್ಜಿ, ಹಲ್ಲಿನ ನಡುವೆ ಕಡ್ಡಿ ಅಡ್ಡ ಕೊಟ್ಟು, ದವಡೆಗೆ ದಾರ ಬಿಗಿದು, ಶುಂಠಿ, ಹುದುಗಿಸಿದ ಸೋಯಾ ಕಾಳಿನ ಗೊಜ್ಜು, ಒಂದು ಲೋಟ ಸೋಜು ಹೆಂಡ ಹಾಕಿದ ಹಂಡೆಗೆ ಇಳಿಸಿದಳು. ಇಳಿಸಿ ಜೋಗುಳ ಶುರುಮಾಡಿದಳು. ಮೆಲ್ಲಗೆ ಹಾಡಬೇಕೆಂದು ಹೊರಟವಳಿಗೆ ಎರಡನೆಯ ಚರಣದಲ್ಲಿ ಉತ್ಸಾಹ ಬಂತು. ಮೂರನೆಯದರಲ್ಲಿ ಎದೆ ತುಂಬಿತು. ಮೊದಲ ಕುದಿ ಬಂದೊಡನೆ ಉರಿ ತಗ್ಗಿಸಬೇಕು, ಅದು ಮೂವತ್ತು ವರ್ಷದಲ್ಲಿ ಅವಳು ಒಮ್ಮೆಯೂ ತಪ್ಪದ ವ್ರತ. ಆದರೆ ಆ ಗಂಟಲಿನ ಮುಂದೆ ಹಂಡೆಯ ಕೂಗು ಯಾರಿಗೆ ಕೇಳಿಸಬೇಕು?

ಮುಚ್ಚಳ ತೆಗೆದಾಗ ಹಂದಿ ಅವಳನ್ನು ನೋಡಿತು. ತುಟಿ ಸುರುಟಿ ಕೆಳಗೆ ಇಳಿದಿತ್ತು, ಹುಬ್ಬು ಗಂಟಾಗಿತ್ತು. ಸಾಲ ಕೇಳಲು ಬಂದ ಭಾಮೈದನನ್ನು ಕಂಡವನ ಮುಖ.

“ರೀ!” ಎಂದಳು ಮಾಲ್ಸುನ್. ಮೂರು ಓಣಿಯ ಗಂಡಂದಿರು “ಏನೇ?” ಎಂದರು. ಅವರಲ್ಲಿ ಬೊಂಗ್‌ಚೋಲ್‌ನೂ ಒಬ್ಬ. ಅವನು ಬಂದು, ಹಂದಿಯನ್ನೂ ಹೆಂಡತಿಯನ್ನೂ ನೋಡಿ, “ಯಾರ ಮುಖ ಹೆಚ್ಚು ಚೆನ್ನಾಗಿದೆ ಅಂತ ಹೇಳೋದು ಕಷ್ಟ,” ಎಂದ.

“ಹಾಸ್ಯ ಆಮೇಲೆ. ಸ್ಕೂಟರ್ ತೆಗೀರಿ, ಹಸಿ ತಲೆ ತನ್ನಿ. ದೊಡ್ಡ ಕೆನ್ನೆ ಇರೋದು ನೋಡಿ ತನ್ನಿ, ನಿಮ್ಮಕ್ಕನ ಥರದ್ದು!”

ಎರಡನೆಯ ತಲೆ ಹಂಡೆಗೆ ಇಳಿದಾಗ ಹನ್ನೆರಡೂವರೆ. ಮೂರು ಗಂಟೆ ಬೇಯಬೇಕು. ಒಂದು ಗಂಟೆಗೆ ಗುಡ್ಡದ ಮೇಲೆ ಜೋಗುಳದ ಕೊನೆಯ ಅಭ್ಯಾಸ. ಹಂಡೆ ಬಿಟ್ಟು ಹೋದರೆ ಹಂದಿ ಮುನಿಯುತ್ತದೆ, ಅಭ್ಯಾಸ ಬಿಟ್ಟರೆ ಮೇಷ್ಟ್ರು. ಅವಳು ಫೋನಿನಲ್ಲಿ ಗಾವೋನ್‌ಗೆ ಎಲ್ಲ ಹೇಳಿ, ಮೂಗೊರೆಸಿಕೊಂಡು, “ನಾನು ಹಗ್ಗಾನೇ ಎಳೀತೀನಿ ಕಣೇ, ಬಿಡು,” ಎಂದಳು.

“ಮುಚ್ಕೊಂಡು ಹಂಡೆ ನೋಡ್ಕೊಳ್ಳಿ ಚಿಕ್ಕಮ್ಮ,” ಎಂದಳು ಗಾವೋನ್. “ಗಂಟು ಮುಖದ ಹಂದಿ ಮುಂದೆ ನಾನಂತೂ ಕುಣಿಯೋಳಲ್ಲ.”

ಅರ್ಧ ಗಂಟೆಯಲ್ಲಿ ಹನ್ನೊಂದು ಪ್ರಯಾಣಿಕರೂ ಓಣಿಗೆ ಬಂದಿಳಿದರು. ಹಂಡೆಯ ಸುತ್ತ ದೋಣಿಯಲ್ಲಿ ನಿಂತಂತೆಯೇ ನಿಂತರು. ಗಾವೋನ್ ತನ್ನ ಜಾಗದಲ್ಲಿ, ಚಿಕ್ಕಮ್ಮನ ಎಡಭುಜಕ್ಕೆ ತಾಗಿ. ಮೀನಿನ ಅಂಗಡಿಯವಳು ಮಂಕರಿ ಬೋರಲು ಹಾಕಿ ಕುಳಿತಳು. ಹಾಡು ಶುರುವಾಯಿತು.

ಮಾಲ್ಸುನ್‌ಗೆ ಈಗ ಒಂದೇ ಭಯ, ಹಂಡೆ. ಒಳ್ಳೆಯ ಬೇಯುವಿಕೆಯ ಸದ್ದು ಗುಳುಗುಳು ಅಲ್ಲ, ಪುಸುಪುಸು. ನಿದ್ದೆಯಲ್ಲಿರುವ ಮುದುಕನ ತುಟಿಯ ಸದ್ದು. ಅದು ಗುಳುಗುಳುವಿಗೆ ತಿರುಗಿದ ಕ್ಷಣವೇ ಕಿವಿಗೆ ಬೀಳಬೇಕು. ಅವಳು ಕತ್ತು ಎಡಕ್ಕೆ ಓರೆ ಮಾಡಿ, ಕಿವಿಯನ್ನು ಮುಚ್ಚಳದ ಕಡೆ ಕೊಟ್ಟು, ಪುಸುಪುಸು ಕೇಳುತ್ತ ಹಾಡಿದಳು. ಕೇಳಿಸದಾದಾಗ ತನ್ನ ದನಿಯನ್ನೇ ಇನ್ನಷ್ಟು ಇಳಿಸಿದಳು. ದನಿ ಒದೆಯಲಿಲ್ಲ. ಯಾರೂ ಅದನ್ನು ಹಿಡಿದಿರಲಿಲ್ಲವಲ್ಲ.

ಇತ್ತ ತನ್ನ ಹನ್ನೆರಡು ಗಾಯಕರೂ ಕಾಣೆಯಾದದ್ದು ತಿಳಿದು ಟಾಕ್ ಮೇಷ್ಟ್ರು ಮಾರುಕಟ್ಟೆಗೆ ಧಾವಿಸಿದ್ದರು. ಓಣಿಯ ತಿರುವಿನಲ್ಲಿ, ಒಣಮೀನಿನ ತೋರಣದ ಹಿಂದೆ ಅವರ ಕಾಲು ನಿಂತಿತು. ಜೋಗುಳ ಕೇಳಿಸಿತು. ಒಂದೇ ಗಂಟಲು. ಅವರು ಕಣ್ಣು ಮುಚ್ಚಿ ಹುಡುಕಿದರು, ಒಂದೊಂದು ದನಿಯನ್ನೂ ಬಲ್ಲ ಮನುಷ್ಯ. ಹುಡುಕಿದ ದನಿ ಸಿಗಲಿಲ್ಲ. ಮುಖ ಸಣ್ಣದಾಯಿತು.

ಹಾಡು ಮುಗಿದ ಮೇಲೆ ಮುಂದೆ ಬಂದು ಕೇಳಿದರು, “ಎಲ್ಲಿ ಅವರು? ಮಾಲ್ಸುನ್ ಅವರು ಬಿಟ್ಟೇ ಹೋದರಾ? ನಾನು ಅಷ್ಟು ಕಟುವಾಗಿ ಹೇಳಬಾರದಿತ್ತು...”

“ಇಲ್ಲೇ ಇದ್ದೀನಲ್ಲ ಮೇಷ್ಟ್ರೇ,” ಎಂದಿತು ಹಂಡೆಯ ಆವಿ.

ಮೇಷ್ಟ್ರ ಹುಬ್ಬು ಏರಿತು. “ಓಹೋ. ಬಾಯಾಡಿಸ್ತಿದ್ರಿ.”

“ನಾನಾ? ಬಾಯಾಡ್ಸೋದಾ?!”

ಪಾಂಚಜನ್ಯ ಮೊಳಗಿತು. ಮಾರುಕಟ್ಟೆಯ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಮೀನಿನವಳು, “ಹಾಡಿದ್ಲು ಸ್ವಾಮಿ, ನಾನು ಪಕ್ಕದಲ್ಲೇ ಇದ್ದೆ! ಅವಳು ಹಾಡಿದ್ದು ನಂಗೂ ನಂಬೋಕಾಗ್ಲಿಲ್ಲ!” ಎಂದು ಸಾಕ್ಷಿ ನುಡಿದಳು. ಮೇಷ್ಟ್ರು ಮತ್ತೊಮ್ಮೆ ಹಾಡಿಸಿದರು. ಈ ಸಲ ಮಾಲ್ಸುನ್‌ಳ ಬಾಯಿಗೆ ಕಿವಿ ಕೊಟ್ಟು ನಿಂತರು, ಆವಿಯಲ್ಲಿ ಕನ್ನಡಕ ಬೆಳ್ಳಗಾಯಿತು. ಮುಗಿದಾಗ ಕನ್ನಡಕ ತೆಗೆದು ಒರೆಸಿ, “ನಾಲ್ಕು ವರ್ಷ ನಾನು ಹೇಳಿದ್ದು ಕೇಳಲಿಲ್ಲ. ಹಂದಿ ಹೇಳಿದ್ದು ಕೇಳಿದ್ರಿ,” ಎಂದರು. “ಆದರೆ ಸಂಜೆ ಅಲ್ಲಿ ಹಂಡೆ ಇರಲ್ಲ, ನೆನಪಿರಲಿ.”

ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕುಳಿತಿತು.

ನಾಲ್ಕು ಗಂಟೆಗೆ ರಂಗದ ಮೇಲೆ ಬಟ್ಟೆ ಸರಿಸಿದಾಗ ಹಂದಿ ನಕ್ಕಿತು. ಅಂಥ ನಗು ವಿಭಾಗದ ಚರಿತ್ರೆಯಲ್ಲೇ ಇರಲಿಲ್ಲವಂತೆ. ಮೇಷ್ಟ್ರು ಅಡ್ಡಬಿದ್ದರು, ಗಾವೋನ್ ಅಡ್ಡಬಿದ್ದಳು. ತಾನೇ ಕಿವಿ ಬೋಳಿಸಿದ ತಲೆಗೆ ಮಾಲ್ಸುನ್ ಎರಡು ಸಲ ಹಣೆ ನೆಲಕ್ಕೆ ತಾಗಿಸಿ, ‘ನಿನ್ನ ಕೆನ್ನೆ ನಾನು ನೋಡಿಕೊಂಡೆ, ನನ್ನ ಗಂಟಲು ನೀನು ನೋಡಿಕೋ’ ಎಂದು ಬೇಡಿದಳು.

ತಾಲೀಮು ನಡೆಯಿತು. ಮಂಜು ಕವಿಯಿತು, ಕೂಸು ಅತ್ತಿತು. ಮಾಲ್ಸುನ್ ಅಭ್ಯಾಸಬಲದಿಂದ ಕತ್ತು ಎಡಕ್ಕೆ ಓರೆ ಮಾಡಿದಳು. ಅಲ್ಲಿ ಹಂಡೆ ಇರಲಿಲ್ಲ, ಗಾವೋನ್ ಇದ್ದಳು. ಮಹಾ ಧೈರ್ಯಸ್ಥೆ ಗಾವೋನ್ ಹೆದರಿ ಬಾಯಿಯಿಂದ ಉಸಿರಾಡುತ್ತಿದ್ದಳು: ಪುಸುಪುಸು, ಪುಸುಪುಸು. ಮಾಲ್ಸುನ್ ಅದನ್ನೇ ಕೇಳುತ್ತ, ಆ ಉಸಿರಿನ ಕೆಳಗೆ ತನ್ನ ದನಿ ಇಟ್ಟು ಹಾಡಿದಳು. ಸ್ವಲ್ಪ ಹೊತ್ತಿಗೆ ಆ ಹುಡುಗಿಯ ಉಸಿರೂ ಸಣ್ಣ ಉರಿಗೆ ಇಳಿಯಿತು.

ಕತ್ತಲಲ್ಲಿ ಕುಳಿತಿದ್ದ ಮೇಷ್ಟ್ರು ಕೈ ಎತ್ತಲಿಲ್ಲ. ಹಗ್ಗ ಎಳೆಯಲು ಬೇರೆ ಯಾರನ್ನಾದರೂ ಹುಡುಕಿ ಎಂದಷ್ಟೇ ಹೇಳಿದರು.

ಶನಿವಾರದ ಪ್ರದರ್ಶನಕ್ಕೆ ಹಂದಿತಲೆ ಓಣಿ ಅಂಗಡಿ ಮುಚ್ಚಿ ಬಂತು. ಬೊಂಗ್‌ಚೋಲ್ ಮದುವೆಯ ಕೋಟು ಹಾಕಿ ಮೂರನೆಯ ಸಾಲಿನಲ್ಲಿ ಕುಳಿತ. ಜೋಗುಳ ಬಂದಾಗ ಮುಂದಕ್ಕೆ ಬಾಗಿದ, ಕಿವಿಗೆ ಅಂಗೈ ಒಡ್ಡಿದ, ಪಕ್ಕದಲ್ಲಿದ್ದ ಮೀನಿನವಳನ್ನು ತಿವಿದು “ನಿಂಗೆ ಕೇಳಿಸ್ತಿದ್ಯಾ?” ಎಂದ. ಅವಳು “ಶ್ಶ್!” ಎಂದಳು.

ಪರದೆ ಬಿದ್ದ ಮೇಲೆ ಹೂಗುಚ್ಛ ಹಿಡಿದು ಹಿಂಬಾಗಿಲಿಗೆ ಬಂದವನ ಮುಖ, ಥೇಟ್ ಶುಕ್ರವಾರದ ಮೊದಲನೆಯ ತಲೆ.

“ಲೇ, ನಾಲ್ಕು ವರ್ಷ ನಾನೊಬ್ನೇ ಹಂಡೆ ತೊಳೆದೆ. ನೀನು ಕಲಿತಿದ್ದು ಇದೇನಾ? ಎಷ್ಟು ಕಿವಿ ಕೊಟ್ರೂ ನಿನ್ನ ದನಿ ಒಂದು ಚೂರೂ ಕೇಳಿಸಲಿಲ್ಲ!”

ಮಾಲ್ಸುನ್ ಗಂಡನ ಎರಡೂ ಕೆನ್ನೆ ಹಿಡಿದು, ತುಟಿಯ ತುದಿಗಳನ್ನು ಹೆಬ್ಬೆರಳಿನಿಂದ ಕಿವಿಯ ಕಡೆಗೆ ಎತ್ತಿ ಕೂರಿಸಿದಳು.

“ಇನ್ನೊಂದ್ಸಲ ಹೇಳ್ರೀ,” ಎಂದಳು. “ಗಟ್ಟಿಯಾಗಿ ಹೇಳಿ. ಮೇಷ್ಟ್ರಿಗೂ ಕೇಳಿಸಲಿ.”